ಹಳಿ ದಾಟುವವರು ದಡ್ಡರಲ್ಲ

ಜಾಹೀರಾತು ಅಂದ್ರೆ ಹೀಗಿರಬೇಕು ಅಂತ ತೋರಿಸೋಕೆ ಜನ ಕೊಡುವ ನಾಲ್ಕೈದು ಉದಾಹರಣೆಗಳಲ್ಲಿ 'ಡಂಬ್ ವೇಸ್ ಟು ಡೈ' ಇದ್ದೇ ಇರುತ್ತೆ. ಕನ್ನಡದಲ್ಲಿ ಹೇಳೋದಾದ್ರೆ 'ಸಾಯುವ ದಡ್ಡ ದಾರಿಗಳು'. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೈಲು ಓಡಿಸುವ ಮೆಟ್ರೋ ಟ್ರೇನ್ಸ್ ಸಂಸ್ಥೆಗಾಗಿ ಮೆಕ್ಯಾನ್ ಏಜೆನ್ಸಿ 2012ರ ನವೆಂಬರಿನಲ್ಲಿ ಮಾಡಿದ ಮೂರು ನಿಮಿಷದ ಅನಿಮೇಷನ್ ಇದು. ಅವರೆಕಾಳಿನಂಥ ಬಣ್ಣಬಣ್ಣದ ಪುಟ್ಟ ಗೊಂಬೆಗಳು, ಒಂದಕ್ಕಿಂತ ಒಂದು ಪೆದ್ದು ರೀತಿಯಲ್ಲಿ ಸಾಯ್ತಾ ಹೋಗ್ತವೆ. ಒಂದು ಕರಡಿಯನ್ನು ಕೆಣಕುತ್ತೆ, ಇನ್ನೊಂದು ಬಟ್ಟೆ ಒಣಗಿಸುವ ಮಷೀನಿನೊಳಗೆ ಅಡಗಿ ಕೂರುತ್ತೆ. ಕೊನೆಯ ಮೂರು ಮಾತ್ರ ರೈಲಿಗೆ ಸಿಕ್ಕಿ ಸಾಯುವವು: ಪ್ಲಾಟ್‌ಫಾರ್ಮಿನ ಅಂಚಿಗೆ ಹೋದದ್ದು, ಮುಚ್ಚಿದ ಗೇಟನ್ನು ಬಳಸಿ ಗಾಡಿ ನುಗ್ಗಿಸಿದ್ದು, ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಹಳಿ ಮೇಲೆ ಓಡಿದ್ದು. 2013ರ ಕಾನ್ ಲಯನ್ಸ್ ಉತ್ಸವದಲ್ಲಿ ಇದಕ್ಕೆ ಐದು ಗ್ರಾಂಡ್ ಪ್ರಿ ಬಂತು.

ವಿಡಿಯೋ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಹಾಡು ಒಂದು ಸಲ ಕಿವಿಗೆ ಬಿದ್ರೆ ಸಂಜೆವರೆಗೂ ಗುನುಗ್ತಾ ಇರ್ತೀವಿ. ರಕ್ತ, ಕಣ್ಣೀರು, ಅನಾಥ ಮಕ್ಕಳು ಅಂತ ಹೆದರಿಸುವ ಹಳೇ ಸುರಕ್ಷತಾ ಜಾಹೀರಾತುಗಳ ಜಾಡನ್ನೇ ಇದು ಬಿಟ್ಟುಬಿಟ್ಟಿತು. ರೈಲ್ವೆ ಸುರಕ್ಷತೆಯ ಬಗ್ಗೆ ಮೂರು ನಿಮಿಷ ಯಾರನ್ನಾದ್ರೂ ಕೂರಿಸಿ ನೋಡಿ, ಅದೆಷ್ಟು ಕಷ್ಟ ಅಂತ ಗೊತ್ತಾಗುತ್ತೆ.

ನನ್ನ ತಕರಾರು ಅದರ ಹೆಸರಿನಲ್ಲೇ ಇದೆ. ಈ ಗೊಂಬೆಗಳು ಸಾಯೋದು ದಡ್ಡತನದಿಂದ. ನೋಡುತ್ತಾ ಕೂತ ನಾನು ದಡ್ಡನಲ್ಲ. ಅಲ್ಲಿಗೆ ಆ ಮಾತು ನನಗಲ್ಲ, ಬೇರೆ ಯಾರಿಗೋ ಅಂತಾಯ್ತು. ನಗು ಬಂತು, ಶೇರ್ ಮಾಡಿದ್ವಿ, ಮರುದಿನ ಅದೇ ಹಳಿ ದಾಟಿದ್ವಿ.

ನಮ್ಮ ದೇಶದಲ್ಲೂ ಇದಕ್ಕೊಬ್ಬ ಅಣ್ಣ ಇದ್ದಾನೆ. 2019ರ ನವೆಂಬರಿನಲ್ಲಿ ಮುಂಬೈಯ ಪಶ್ಚಿಮ ರೈಲ್ವೆ ಒಬ್ಬರಿಗೆ ಯಮನ ವೇಷ ಹಾಕಿಸಿ ಹಳಿಗೆ ಇಳಿಸಿತು. ಹಳಿ ದಾಟುತ್ತಿದ್ದವರನ್ನು ಯಮರಾಯ ಹೆಗಲ ಮೇಲೆ ಹೊತ್ತು ತಂದು ಬಿಡುತ್ತಿದ್ದ. ಫೋಟೋಗಳು ಭಾರೀ ಓಡಿದವು. ಮೆಲ್ಬರ್ನ್ ಗೊಂಬೆಗಿಂತ ನಮ್ಮ ಯಮನೇ ನನಗೆ ಇಷ್ಟ. ಅವನು ಸ್ಕ್ರೀನಿನ ಮೇಲಲ್ಲ, ತಪ್ಪು ನಡೆಯುವ ಜಾಗದಲ್ಲೇ ನಿಂತಿದ್ದ, ಸಾಯಿಸುವ ಬದಲು ಎತ್ತಿಕೊಂಡು ಬಂದ. ಆದ್ರೆ ಅವನೂ ಒಂದು ಪ್ರಶ್ನೆ ಕೇಳಲಿಲ್ಲ: 'ಯಾಕಪ್ಪಾ ಇಲ್ಲಿ ದಾಟ್ತೀಯ?'

ಈ ಪ್ರಶ್ನೆ ಸಣ್ಣದಲ್ಲ. ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಕೊಟ್ಟ ವರದಿ ಪ್ರಕಾರ ಹಳಿ ಮೇಲೆ ನಡೆದು, ದಾಟಿ ಸಾಯುವವರು ವರ್ಷಕ್ಕೆ ಸುಮಾರು 15,000 ಮಂದಿ. ಮುಂಬೈ ಉಪನಗರ ಮಾರ್ಗಗಳಲ್ಲೇ ಸುಮಾರು 6,000. ಸಮಿತಿ ಇದನ್ನು ಹತ್ಯಾಕಾಂಡ ಅಂತಲೇ ಕರೆಯಿತು. ಕಾನೂನು ಮಾತ್ರ ಇವರನ್ನು ಅತಿಕ್ರಮ ಪ್ರವೇಶ ಮಾಡಿದವರು ಅನ್ನುತ್ತೆ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಬ್ಬ ಯೂಸರ್ ತಪ್ಪು ಬಟನ್ ಒತ್ತಿದ್ರೆ ಅವನ ತಪ್ಪು ಅಂತ ಟಿಕೆಟ್ ಮುಚ್ಚಬಹುದು. ಸಾವಿರಾರು ಜನ ಅದೇ ಬಟನ್ ಒತ್ತುತ್ತಿದ್ದರೆ? ಆಗ ನೋಡಬೇಕಾದದ್ದು ಬಟನ್ ಕಡೆಗೆ. ವರ್ಷಕ್ಕೆ ಹದಿನೈದು ಸಾವಿರ ಜನ ಒಂದೇ ಥರ ಸಾಯ್ತಾ ಇದ್ರೆ ಅದಕ್ಕೆ ದಡ್ಡತನ ಅನ್ನೋ ಹೆಸರು ಸಾಲದು.

ನಮ್ಮೂರಲ್ಲಿ ಮನೆಗಳು ಹಳಿಯ ಈಚೆ, ಹೊಲ ಆಚೆ. ನನಗೆ ಬುದ್ಧಿ ಬಂದಾಗಿನಿಂದ ಊರವರು ದಿನಾ ಹಳಿ ದಾಟೋದನ್ನ ನೋಡಿದ್ದೀನಿ. ಗೇಟು ಇದೆ, ಆದ್ರೆ ದೂರ. 'ಯಾಕಜ್ಜಿ, ಗೇಟಿನ ಹತ್ರ ಹೋಗಿ ದಾಟಬಾರದಾ' ಅಂತ ಪಕ್ಕದ ಮನೆ ಅಜ್ಜಿಯನ್ನ ಕೇಳಿದ್ರೆ, 'ಅಷ್ಟು ದೂರ ಸುತ್ಕೊಂಡು ಬರೋ ಹೊತ್ತಿಗೆ ಕರು ಹಾಲೆಲ್ಲ ಕುಡಿದು ಮುಗಿಸಿರ್ತದೆ ಕಣಪ್ಪ' ಅಂತಿದ್ರು. ಅದರಲ್ಲಿ ದಡ್ಡತನ ಎಲ್ಲಿದೆ? ಲೆಕ್ಕ ಇದೆ. ಮೂವತ್ತು ವರ್ಷ ದಾಟಿ ಏನೂ ಆಗದವರ ಲೆಕ್ಕ ಅದು.

ತೊಂದರೆ ಏನಂದ್ರೆ ಆ ಲೆಕ್ಕದ ಅಂಕಿಗಳು ಈಗ ಬದಲಾಗಿವೆ, ಅದನ್ನು ಅಜ್ಜಿಗೆ ಯಾರೂ ಹೇಳಿಲ್ಲ. ಡೀಸೆಲ್ ಎಂಜಿನ್ನಿನ ಗುಡುಗು ದೂರಕ್ಕೇ ಕೇಳುತ್ತಿತ್ತು, ಎಲೆಕ್ಟ್ರಿಕ್ ಎಂಜಿನ್ ಅಷ್ಟು ಸದ್ದು ಮಾಡಲ್ಲ. ಹಳಿಗಳನ್ನು ಉದ್ದಕ್ಕೆ ಬೆಸುಗೆ ಹಾಕಿರೋದ್ರಿಂದ ಹಳೇ ಟಕಟಕ ಸದ್ದೂ ಹೋಯ್ತು. ಗಂಟೆಗೆ 110 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 30 ಮೀಟರ್. ಮುನ್ನೂರು ಮೀಟರ್ ದೂರದಲ್ಲಿ ರೈಲು ಕಂಡಾಗ ನಿಮ್ಮ ಕೈಲಿರೋದು ಹತ್ತು ಸೆಕೆಂಡ್. ಒಂಟಿ ಹಳಿ ಜೋಡಿ ಹಳಿ ಆದಲ್ಲಂತೂ, ಒಂದು ರೈಲು ಹೋಯ್ತು ಅಂತ ಹೆಜ್ಜೆ ಇಟ್ಟವರಿಗೆ ಎದುರಿಂದ ಬರುವ ಇನ್ನೊಂದು ಕಾಣೋದೇ ಇಲ್ಲ.

ಈ ಲೆಕ್ಕ ಎಲ್ಲಿ ತಪ್ಪುತ್ತೆ ಅಂತ ಕೇಳಿದ ಒಂದು ಪ್ರಯೋಗ ಮುಂಬೈಯಲ್ಲೇ ನಡೆದಿದೆ. ಫೈನಲ್ ಮೈಲ್ ಅನ್ನೋ ಸಂಸ್ಥೆ 2010ರ ಹೊತ್ತಿಗೆ ವಡಾಲಾ ಸ್ಟೇಷನ್ ಬಳಿ ಮೂರು ಕೆಲಸ ಮಾಡಿತು. ದೊಡ್ಡ ವಸ್ತು ಇರೋದಕ್ಕಿಂತ ನಿಧಾನವಾಗಿ ಬರ್ತಿದೆ ಅಂತ ನಮ್ಮ ಕಣ್ಣಿಗೆ ಅನ್ನಿಸುತ್ತೆ. ಹರ್ಷಲ್ ಲೀಬೋವಿಟ್ಜ್ ಅನ್ನೋ ಮನಶ್ಶಾಸ್ತ್ರಜ್ಞ 1985ರಲ್ಲೇ ಈ ಮಾತು ಹೇಳಿದ್ದರು. ಹಾಗಾಗಿ ಕೆಲವು ಸ್ಲೀಪರ್‌ಗಳಿಗೆ ಹಳದಿ ಬಣ್ಣ ಹಚ್ಚಿದರು, ರೈಲು ಅವನ್ನು ನುಂಗುತ್ತಾ ಬರೋದು ಕಂಡರೆ ವೇಗ ಗೊತ್ತಾಗಲಿ ಅಂತ. ಒಂದು ಉದ್ದ ಸೀಟಿಯ ಬದಲು ಎರಡು ಗಿಡ್ಡ ಸೀಟಿ ಹಾಕಿಸಿದರು. ಮೂರನೆಯದು ಒಂದು ಫಲಕ: ರೈಲು ಮೈಮೇಲೆ ಬರುವಾಗ ಒಬ್ಬ ಮನುಷ್ಯನ ಮುಖ ಹೇಗಾಗುತ್ತೆ ಅಂತ ಮೂರು ಫೋಟೋಗಳಲ್ಲಿ. ಉಪದೇಶ ಇಲ್ಲ, ಒಂದಕ್ಷರವೂ ಇಲ್ಲ. ಗ್ರಾಂಡ್ ಪ್ರಿ ಪಡೆದ ಹಾಡಿಗಿಂತ ಈ ಹಳದಿ ಬಣ್ಣವೇ ನನ್ನ ಪ್ರಕಾರ ದೊಡ್ಡ ಕೃತಿ. ಅದು ಎದುರಿಗಿರೋನು ನನ್ನಂಥ ಮನುಷ್ಯನೇ, ಅವನ ಕಣ್ಣೂ ನನ್ನ ಕಣ್ಣಿನ ಹಾಗೇ ಮೋಸ ಹೋಗುತ್ತೆ ಅಂತ ನಂಬಿ ಶುರುವಾಯ್ತು.

ದಡ್ಡ ಅಂತ ಕರೆಯೋದರಿಂದ ಇನ್ನೊಂದು ಅನುಕೂಲ ಇದೆ, ಉಳಿದವರೆಲ್ಲ ಬಚಾವ್. 2018ರ ಅಕ್ಟೋಬರ್ 19ರ ಸಂಜೆ ಅಮೃತಸರದಲ್ಲಿ ಹಳಿ ಮೇಲೆ ನಿಂತು ರಾವಣ ದಹನ ನೋಡುತ್ತಿದ್ದವರ ಮೇಲೆ ರೈಲು ಹರಿದು ಸುಮಾರು 60 ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹಳಿ ಮೇಲೆ ನಿಂತ ಜನರ ನಿರ್ಲಕ್ಷ್ಯವೇ ಕಾರಣ ಅಂದಿತು. ನಿಂತದ್ದು ತಪ್ಪೇ. ಆದ್ರೆ ಹಳಿಗೆ ಅಂಟಿದ ಮೈದಾನದಲ್ಲಿ ಜಾತ್ರೆಯಷ್ಟು ಜನ ಸೇರುವ ದಿನ ಆ ಜಾಗದಲ್ಲಿ ರೈಲಿನ ವೇಗ ತಗ್ಗಿಸೋಕೆ ಯಾರು ಯಾರಿಗೆ ಫೋನ್ ಮಾಡಬೇಕು? ಇದನ್ನು ಊರಿಗೆ ಮೊದಲೇ ಕಲಿಸಿರೋದೇ ಸುರಕ್ಷತಾ ಶಿಕ್ಷಣ.

ಇಲ್ಲಿಗೆ ನನ್ನ ದೊಡ್ಡ ಆಕ್ಷೇಪಕ್ಕೆ ಬಂದೆ. ಮೆಲ್ಬರ್ನ್ ಗೊಂಬೆಯಾಗಲಿ ಮುಂಬೈ ಯಮನಾಗಲಿ, ಹಳಿ ಪಕ್ಕದವರನ್ನು ಸಾಯುವವರು ಅಂತ ಮಾತ್ರ ನೋಡ್ತಾರೆ. ಅವರೇ ಉಳಿಸುವವರೂ ಹೌದು. 2023ರ ಜೂನ್ 2ರ ಸಂಜೆ ಒಡಿಶಾದ ಬಹಾನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಗೂಡ್ಸ್ ರೈಲಿಗೆ ಗುದ್ದಿತು, ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲೂ ಅದರಲ್ಲಿ ಸಿಕ್ಕಿಕೊಂಡಿತು. 290ಕ್ಕೂ ಹೆಚ್ಚು ಜನ ಸತ್ತರು. ಮೊದಲು ಓಡಿಬಂದು ಬೋಗಿಗಳಿಂದ ಜನರನ್ನು ಎಳೆದವರು ಸುತ್ತಲಿನ ಊರಿನವರು. ಆ ರಾತ್ರಿ ಆಸ್ಪತ್ರೆ ಮುಂದೆ ರಕ್ತ ಕೊಡೋಕೆ ಸಾಲುಗಟ್ಟಿದವರೂ ಅಲ್ಲಿಯವರೇ. ನೆಲಕ್ಕೆ ಬಿದ್ದ 25,000 ವೋಲ್ಟ್ ತಂತಿಯಿಂದ ದೂರ ಇರಬೇಕು, ಕರೆಂಟ್ ತೆಗೆದದ್ದು ಖಾತ್ರಿಯಾಗದೆ ಬೋಗಿ ಮೇಲೆ ಹತ್ತಬಾರದು ಅಂತ ಹಳಿ ಪಕ್ಕದ ಎಷ್ಟು ಊರುಗಳಿಗೆ ಗೊತ್ತಿದೆ?

ಬೇರೆ ಕಡೆ ಇದನ್ನು ಹೇಗೆ ಕಲಿಸ್ತಾರೆ ನೋಡಿ. ಅಮೆರಿಕದ ಲೆವೆಲ್ ಕ್ರಾಸಿಂಗ್‌ಗಳಲ್ಲಿ ಒಂದು ನೀಲಿ ಫಲಕ ಇರುತ್ತೆ. ಅದರಲ್ಲಿ ಒಂದು ಫೋನ್ ನಂಬರ್, ಜೊತೆಗೆ ಆ ಕ್ರಾಸಿಂಗ್‌ನ ಗುರುತಿನ ಸಂಖ್ಯೆ. 1972ರಲ್ಲಿ ಐಡಾಹೋದಲ್ಲಿ ಶುರುವಾದ ಆಪರೇಷನ್ ಲೈಫ್‌ಸೇವರ್ ಅನ್ನೋ ಸಂಸ್ಥೆ ಜನರಿಗೆ ಹೇಳಿಕೊಡುತ್ತೆ: ಗಾಡಿ ಹಳಿ ಮೇಲೆ ಸಿಕ್ಕಿಕೊಂಡರೆ ಮೊದಲು ಇಳಿಯಿರಿ, ಹಳಿಯಿಂದ ದೂರಕ್ಕೆ, ಆದ್ರೆ ರೈಲು ಬರುವ ದಿಕ್ಕಿಗೇ ಓರೆಯಾಗಿ ಓಡಿ, ಚೂರುಗಳು ಸಿಡಿಯೋದು ಮುಂದಕ್ಕೆ, ಆಮೇಲೆ ಆ ನಂಬರಿಗೆ ಫೋನ್ ಮಾಡಿ. 2013ರ ಜುಲೈಯಲ್ಲಿ ಕೆನಡಾದ ಲಾಕ್-ಮೆಗಾಂಟಿಕ್ ಊರಿನ ನಡುವೆ ಕಚ್ಚಾತೈಲದ ರೈಲು ಉರುಳಿ 47 ಜನ ಸುಟ್ಟುಹೋದರು. ನಿಮ್ಮ ಊರಿನ ಮೂಲಕ ಯಾವ ಅಪಾಯಕಾರಿ ಸರಕು ಹೋಗ್ತಿದೆ ಅಂತ ರೈಲ್ವೆ ಕಂಪನಿಗಳು ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು ಅಂತ ಅದೇ ವರ್ಷ ಸರ್ಕಾರ ಆದೇಶ ಹೊರಡಿಸಿತು.

ನಮ್ಮಲ್ಲೂ ಬೇಕಾದ ಸಾಮಾನು ಅರ್ಧ ಸಿದ್ಧವಾಗೇ ಇದೆ. ಬ್ರಾಡ್‌ಗೇಜ್‌ನ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿಯೊಳಗೆ ತೆಗೆದುಹಾಕಿದ್ದು ದೊಡ್ಡ ಸಾಧನೆ. ವಿದ್ಯುತ್ ಮಾರ್ಗದ ಪ್ರತಿ ಕಂಬದ ಮೇಲೂ ಒಂದು ಸಂಖ್ಯೆ ಇರುತ್ತೆ, ಎಷ್ಟನೇ ಕಿಲೋಮೀಟರ್, ಅದರಲ್ಲಿ ಎಷ್ಟನೇ ಕಂಬ ಅಂತ. 139ಕ್ಕೆ ಫೋನ್ ಮಾಡಿ ಆ ಸಂಖ್ಯೆ ಓದಿದ್ರೆ ಸಾಕು, ಎಲ್ಲಿ ಏನಾಗಿದೆ ಅಂತ ಆಚೆಯವರಿಗೆ ಹುಡುಕೋ ಕೆಲಸ ಇರಲ್ಲ. ಅಜ್ಜಿಯ ಮೊಮ್ಮಗಳಿಗೆ ಶಾಲೆಯಲ್ಲಿ ಇದನ್ನು ಹೇಳಿಕೊಡೋಕೆ ಹತ್ತು ನಿಮಿಷ ಬೇಕು. ಅದಕ್ಕೆ ಹಾಡೂ ಬೇಡ, ಕೋಣನೂ ಬೇಡ.

ಇನ್ನು ಮುಂದೆ ಯಾವುದೇ ರೈಲ್ವೆ ಸುರಕ್ಷತಾ ಜಾಹೀರಾತು ನಿಮ್ಮ ಫೋನಿಗೆ ಬಂದ್ರೆ, ನಗು ಬಂತಾ ಭಯ ಆಯ್ತಾ ಅಂತ ನೋಡೋ ಮೊದಲು ಎರಡು ವಿಷಯ ನೋಡಿ. ಅದು ಜನ ಯಾಕೆ ದಾಟ್ತಾರೆ ಅಂತ ಕೇಳಿದೆಯಾ? ಏನಾದ್ರೂ ಆದಾಗ ಮಾಡೋ ಒಂದಾದ್ರೂ ಕೆಲಸ ಕಲಿಸಿದೆಯಾ? ಎರಡಕ್ಕೂ ಇಲ್ಲ ಅಂದ್ರೆ, ಅದು ಹಳಿ ಪಕ್ಕದವರಿಗಾಗಿ ಮಾಡಿದ್ದಲ್ಲ, ನಮಗಾಗಿ ಮಾಡಿದ್ದು.