ಆಗಮನ ಕಾಲದ ಮನೆಯೋದು: ಕಿಟ್ಟೆಲರ ‘ಕಥಾಮಾಲೆ’

ಫರ್ಡಿನಾಂಡ್ ಕಿಟ್ಟೆಲರು 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ ಯೇಸುವಿನ ಚರಿತ್ರೆಯನ್ನು ದೇಶೀಯ ಗೇಯಕಾವ್ಯದ ರೀತಿಯಲ್ಲಿ ನಿರೂಪಿಸುತ್ತದೆ. ಇಂತಹ ಕೃತಿಯ ಸಹಜ ಸ್ಥಾನ ದೀಪದ ಸುತ್ತ ನೆರೆದ ಕುಟುಂಬವೆಂದು ನಾವು ಭಾವಿಸುತ್ತೇವೆ. ಗಮಕದ ಇಂಪನ್ನು ಬಲ್ಲ ಮೈಸೂರಿನ ಚಾಮರಾಜಪುರಂನಂತಹ ಬಡಾವಣೆಯಲ್ಲಿ, ಆಗಮನ ಕಾಲದ ಸಂಜೆಗಳಲ್ಲಿ ಇದನ್ನು ಹಾಡಿ ಓದಿದರೆ ಸುವಾರ್ತೆಯು ಪರಕೀಯವೆನಿಸದೆ ಮನೆಮಾತಾಗಿ ಸಂತೈಸುತ್ತದೆ. ಆದರೆ ಓದು ಅಲ್ಲಿಗೇ ನಿಲ್ಲಬಾರದು. ಯೆಶಾಯನ ಗ್ರಂಥದ 40ನೆಯ ಅಧ್ಯಾಯವು ಸಂತೈಸುವ ಕರೆಯೊಡನೆ ಆರಂಭವಾಗಿ, ಕೂಡಲೇ ಅರಣ್ಯದಲ್ಲಿ ದಾರಿಯನ್ನು ಸಿದ್ಧಪಡಿಸುವ ಕರ್ತವ್ಯವನ್ನು ಮುಂದಿಡುತ್ತದೆ. ಲೂಕನ ಸುವಾರ್ತೆಯಲ್ಲಿ ಮರಿಯಳ ಸ್ತೋತ್ರವು ಹೊಮ್ಮುವುದು ಜಕರೀಯನ ಮನೆಯಲ್ಲಿ. ಅದರ ವಿಷಯವೋ ದೀನರ ಏಳಿಗೆ, ಹಸಿದವರ ತೃಪ್ತಿ. ಆದುದರಿಂದ ಸಭಾಪಾಲಕರು ಕುಟುಂಬಗಳಿಗೆ ಇಂತಹ ಓದನ್ನು ಸೂಚಿಸುವಾಗ, ಓದಿದ ಮನೆಯವರು ನೆರೆಯವರ ಹಸಿವನ್ನು ವಿಚಾರಿಸುವುದನ್ನೂ ಆರಾಧನೆಯ ಭಾಗವಾಗಿ ಕಲಿಸಬೇಕು.