‘ಬೇಸ್ ಇಲ್ಲ’ ಅಂದರೆ ಏನು? ಓಪನ್-ಬ್ಯಾಕ್ ಹೆಡ್‌ಫೋನಿನ ಕೆಳದನಿ ಮತ್ತು ನಮ್ಮ ಧ್ವನಿಮುದ್ರಣಗಳು

ಗಡಿನಾಡ ಕನ್ನಡದ ವಿಚಾರಗೋಷ್ಠಿಯಲ್ಲಿ ಹೆಡ್‌ಫೋನಿನ ಮಾತು ಯಾಕೆ ಅಂತ ಅನ್ನಿಸಬಹುದು. ಕಾರಣ ಸರಳ. ನಮ್ಮಲ್ಲಿ ಬಹಳ ಜನ ಧ್ವನಿಮುದ್ರಣ ಕೇಳಿಯೇ ಪಠ್ಯ ಬರೆದುಕೊಳ್ಳುವವರು. ಕಾಸರಗೋಡು ಕಡೆಯ ನಾನು ತಾಳಮದ್ದಳೆಯ ಹಳೇ ಕ್ಯಾಸೆಟ್ಟುಗಳನ್ನು ಕೇಳುತ್ತೇನೆ. ಜತ್ತ, ಸೊಲ್ಲಾಪುರದ ಕಡೆಯ ಗೆಳೆಯರು ಬೀಸುವ ಪದಗಳನ್ನು ಕೇಳುತ್ತಾರೆ. ಹಸ್ತಪ್ರತಿ ಓದುವವರು ಲಿಪಿಕಾರ ಏನು ಬಿಟ್ಟಿರಬಹುದು, ಏನು ಸೇರಿಸಿರಬಹುದು ಅಂತ ಯೋಚಿಸುತ್ತಾರೆ. ನಾವು ಮಾತ್ರ ಕಿವಿಗೂ ಮುದ್ರಣಕ್ಕೂ ನಡುವೆ ಕೂತಿರುವ ಉಪಕರಣದ ಬಗ್ಗೆ ಯೋಚಿಸುವುದೇ ಇಲ್ಲ. ಇವತ್ತು ಆ ಉಪಕರಣದ ಒಂದು ಗುಣವನ್ನಷ್ಟೇ ವಿಮರ್ಶೆಗೆ ಎತ್ತಿಕೊಳ್ಳುತ್ತೇನೆ: ಓಪನ್-ಬ್ಯಾಕ್ ಹೆಡ್‌ಫೋನಿನ ಬೇಸ್.

ಓಪನ್-ಬ್ಯಾಕ್ ಅಂದರೆ ಕಿವಿಬಟ್ಟಲಿನ ಹಿಂಭಾಗ ಮುಚ್ಚಿರದ, ಜಾಲರಿ ಮಾತ್ರ ಇರುವ ಹೆಡ್‌ಫೋನು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ತಂದ ಎಚ್‌ಡಿ 414 ಈ ಬಗೆಯಲ್ಲಿ ಮೊದಲನೆಯದು. ಹಳದಿ ಸ್ಪಂಜಿನ ಆ ಹಗುರ ಹೆಡ್‌ಫೋನು ಒಂದು ಕೋಟಿಗೂ ಮೀರಿ ಮಾರಾಟವಾಯಿತು. ಅದೇ ಕಂಪನಿಯ ಎಚ್‌ಡಿ 600 ಬಂದದ್ದು 1997ರಲ್ಲಿ, ಎಚ್‌ಡಿ 650 ಬಂದದ್ದು 2003ರಲ್ಲಿ. ಇವೆರಡೂ ಇವತ್ತಿಗೂ ಹೋಲಿಕೆಯ ಅಳತೆಗೋಲಾಗಿ ಉಳಿದಿವೆ. ಇವುಗಳ ಬಗ್ಗೆ ಪದೇ ಪದೇ ಕೇಳಿಬರುವ ದೂರು ಒಂದೇ: ‘ಬೇಸ್ ಇಲ್ಲ’.

ಈ ಎರಡು ಪದ ತೀರ್ಪಿನ ಹಾಗೆ ಕೇಳಿಸುತ್ತವೆ. ಆದರೆ ಇದರಲ್ಲಿ ಮೂರು ಪ್ರಶ್ನೆಗಳು ಕಲಸಿಹೋಗಿವೆ ಅನ್ನುವುದು ನನ್ನ ವಾದ. ದನಿ ಎಷ್ಟು ಕೆಳಗೆ ಇಳಿಯುತ್ತದೆ? ಅದನ್ನು ಆಳ ಅನ್ನೋಣ. ಎಷ್ಟು ಜೋರಾಗಿ ಇರುತ್ತದೆ? ಅದು ತೂಕ. ಬಂದ ದನಿ ನಿಲ್ಲಬೇಕಾದಲ್ಲಿ ನಿಲ್ಲುತ್ತದೆಯೇ? ಅದು ಬಿಗಿ. ಈ ಮೂರನ್ನು ಬೇರೆ ಮಾಡದೆ ಒಂದು ಹೆಡ್‌ಫೋನನ್ನು ಒಳ್ಳೆಯದು, ಕೆಟ್ಟದ್ದು ಅನ್ನುವುದು, ಛಂದಸ್ಸು, ಭಾಷೆ, ವಸ್ತು ಯಾವುದನ್ನೂ ಬಿಡಿಸಿ ಹೇಳದೆ ‘ಪದ್ಯ ಚೆನ್ನಾಗಿಲ್ಲ’ ಅಂದ ಹಾಗೆ.

ಮೊದಲು ಆಳ. ಡ್ರೈವರಿನ ಪೊರೆ ಮುಂದಕ್ಕೆ ಸರಿದಾಗ ಮುಂದೆ ಗಾಳಿಯ ಒತ್ತಡ ಏರುತ್ತದೆ, ಅದೇ ಗಳಿಗೆಗೆ ಹಿಂದೆ ಇಳಿಯುತ್ತದೆ. ಎರಡೂ ಕಡೆಯ ಗಾಳಿ ಕೂಡಿಕೊಳ್ಳಲು ದಾರಿ ಸಿಕ್ಕರೆ ಒಂದನ್ನೊಂದು ಅಳಿಸಿಬಿಡುತ್ತವೆ. 50 ಹರ್ಟ್ಜ್‌ನ ಅಲೆ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಕಿವಿಬಟ್ಟಲಿನ ಅಂಚು ಅಡ್ಡಿಯೇ ಅಲ್ಲ, ಅದಕ್ಕೇ ಕೆಳದನಿಗಳು ಮೊದಲು ಸೋರುತ್ತವೆ. ಎಚ್‌ಡಿ 600ನಲ್ಲಿ ಸುಮಾರು 100 ಹರ್ಟ್ಜ್‌ನಿಂದ ಕೆಳಗೆ ದನಿ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಕಂಪನಿಯ ವಿವರಪಟ್ಟಿಯಲ್ಲಿ 12 ಹರ್ಟ್ಜ್ ಅಂತ ಬರೆದಿದೆ ನಿಜ. ಅದು ದನಿ ಎಲ್ಲಿಯವರೆಗೆ ಇದೆ ಅನ್ನುತ್ತದೆ, ಎಷ್ಟು ಇದೆ ಅನ್ನುವುದಿಲ್ಲ.

ಹಾಗಂತ ಬೆನ್ನು ತೆರೆದಿದ್ದರೆ ಆಳ ಇರುವುದೇ ಇಲ್ಲ ಅನ್ನುವುದೂ ತಪ್ಪು. ಅಮೆರಿಕದ ಆಡೀಜಿ ಕಂಪನಿಯ ಎಲ್‌ಸಿಡಿ-2 ಕೂಡ ಓಪನ್-ಬ್ಯಾಕೇ. ಆದರೆ ಅದು ಪ್ಲೇನಾರ್ ಬಗೆಯದು: ಕಾಂತಗಳ ಎದುರು ಇರುವ ಅಗಲವಾದ ತೆಳು ಪೊರೆ ಇಡಿಯಾಗಿ ಅಲುಗುತ್ತದೆ, ದಪ್ಪ ಚರ್ಮದ ಮೆತ್ತೆ ಮುಂಭಾಗವನ್ನು ಬಿಗಿಯಾಗಿ ಮುಚ್ಚುತ್ತದೆ. ಅದರ ದನಿ 30 ಹರ್ಟ್ಜ್‌ವರೆಗೂ ಬಹುಮಟ್ಟಿಗೆ ಸಮತಟ್ಟಾಗಿ ಹೋಗುತ್ತದೆ. ಅಂದರೆ ಸೋರುವುದು ಹಿಂದಿನ ಜಾಲರಿಯಿಂದ ಮಾತ್ರ ಅಲ್ಲ, ಕೆನ್ನೆಗೂ ಮೆತ್ತೆಗೂ ನಡುವಿನ ಸಂದಿಯಿಂದ ಕೂಡ. ಕನ್ನಡಕ ಹಾಕುವವರು ಒಮ್ಮೆ ಅದನ್ನು ತೆಗೆದಿಟ್ಟು ಕೇಳಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ.

ಇನ್ನು ತೂಕ. ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ನಡೆಸಿದ ಆಲಿಸುವ ಪರೀಕ್ಷೆಗಳಲ್ಲಿ ಬಹುಪಾಲು ಕೇಳುಗರು ಸುಮಾರು 100 ಹರ್ಟ್ಜ್‌ನ ಕೆಳಗೆ ಸ್ವಲ್ಪ ಏರಿಸಿದ ಬೇಸನ್ನೇ ಮೆಚ್ಚಿದರು. ಅದರ ಎದುರಿಗಿಟ್ಟರೆ ಎಚ್‌ಡಿ 600 ತೂಕ ಕಡಿಮೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಇದು ಸಂಗೀತದ ಸುಖಕ್ಕಾಗಿ ಕೇಳುವವರ ಮೆಚ್ಚುಗೆ. ಮೆಚ್ಚುಗೆ ಬೇರೆ, ಪ್ರಮಾಣ ಬೇರೆ ಅನ್ನುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ ಅಲ್ವಾ.

ತೂಕ ಹೆಡ್‌ಫೋನು ಒಂದರದ್ದೇ ಗುಣವೂ ಅಲ್ಲ. ಎಚ್‌ಡಿ 600ನ ಪ್ರತಿರೋಧ 300 ಓಮ್ ಅಂತ ಬರೆದಿದ್ದರೂ 100 ಹರ್ಟ್ಜ್ ಆಸುಪಾಸಿನಲ್ಲಿ ಅದು 500 ದಾಟುತ್ತದೆ. ಔಟ್‌ಪುಟ್ ಪ್ರತಿರೋಧ ಹೆಚ್ಚಿರುವ ಟ್ಯೂಬ್ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಅದೇ ಜಾಗದ ದನಿ ತುಸು ಉಬ್ಬುತ್ತದೆ. ‘ನನ್ನದರಲ್ಲಿ ಬೇಸ್ ಚೆನ್ನಾಗಿದೆ’, ‘ನನ್ನದರಲ್ಲಿ ಇಲ್ಲ’ ಅಂತ ಇಬ್ಬರು ಜಗಳವಾಡಿದರೆ ಇಬ್ಬರೂ ಸರಿ ಇರಬಹುದು. ಮೆಲ್ಲಗೆ ಇಟ್ಟು ಕೇಳಿದರೆ ಕಿವಿಗೇ ಕೆಳದನಿ ಕಡಿಮೆ ಕೇಳಿಸುತ್ತದೆ, ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ನಮ್ಮ ಹಾಸ್ಟೆಲಿನಲ್ಲಿ ಇನ್ನೊಂದು ಕಾರಣ ಇದೆ: ಸೀಲಿಂಗ್ ಫ್ಯಾನು. ಓಪನ್-ಬ್ಯಾಕ್ ಹೊರಗಿನ ಸದ್ದನ್ನು ತಡೆಯುವುದಿಲ್ಲ. ಫ್ಯಾನಿನ ಗುಂಯ್‌ಗುಟ್ಟುವಿಕೆ ಮದ್ದಳೆಯ ತಳವನ್ನು ನುಂಗುತ್ತದೆ, ಬೈಗುಳ ಮಾತ್ರ ಹೆಡ್‌ಫೋನಿಗೆ.

ಮೂರನೆಯದು ಬಿಗಿ. ನನಗೆ ಮುಖ್ಯ ಅನ್ನಿಸಿದ್ದು ಇದೇ. ತಾಳಮದ್ದಳೆಯ ಹೆಸರಿನಲ್ಲೇ ಶ್ರವ್ಯದ ಎರಡು ಕೊನೆಗಳಿವೆ: ಮೇಲೆ ತಾಳ, ಕೆಳಗೆ ಮದ್ದಳೆ. ನಡುವೆ ಉಳಿದದ್ದೆಲ್ಲ ಭಾಗವತರ ಪದ, ಅರ್ಥಧಾರಿಯ ಮಾತು. ವೇಷವಿಲ್ಲ, ಕುಣಿತವಿಲ್ಲ. ವಾಲಿ-ರಾಮರ ಸಂವಾದದ ಒಂದು ಮುದ್ರಣವನ್ನು ಬೇಸ್ ಉಬ್ಬಿಸಿದ ಮುಚ್ಚುಬಟ್ಟಲಿನ ಹೆಡ್‌ಫೋನಿನಲ್ಲೂ ಎಚ್‌ಡಿ 600ನಲ್ಲೂ ಬದಲಿಸಿ ಬದಲಿಸಿ ಕೇಳಿದೆ. ಮೊದಲನೆಯದರಲ್ಲಿ ಮದ್ದಳೆಯ ಪೆಟ್ಟು ದೊಡ್ಡದು, ಆದರೆ ಅದರ ಬಾಲ ಮುಂದಿನ ಮಾತಿನ ಮೇಲೆ ಬಿದ್ದು ಎಳೆಯುತ್ತದೆ. ಎರಡನೆಯದರಲ್ಲಿ ಪೆಟ್ಟು ಚಿಕ್ಕದು, ಆದರೆ ಬೆರಳು ಚರ್ಮಕ್ಕೆ ತಾಗಿದ್ದು, ಎದ್ದಿದ್ದು ಎರಡೂ ಗೊತ್ತಾಗುತ್ತದೆ. ಪೆಟ್ಟು ಮುಗಿದ ಮೇಲೆ ಮಾತಿಗೆ ಜಾಗ ಖಾಲಿ ಇರುತ್ತದೆ. ಮುಚ್ಚುಬಟ್ಟಲಿನವೆಲ್ಲ ಹೀಗೇ ಅಂತಲ್ಲ, ಒಳಗಿನ ಪ್ರತಿಫಲನವನ್ನು ಚೆನ್ನಾಗಿ ಹತೋಟಿಯಲ್ಲಿಟ್ಟವೂ ಇವೆ. ಎಚ್‌ಡಿ 650 ಇದಕ್ಕಿಂತ ತುಸು ಹೆಚ್ಚು ಮೈದುಂಬಿದ್ದು, ಮೇಲುದನಿ ಕೊಂಚ ಮೆತ್ತಗೆ. ಅದನ್ನು ಇಂಗ್ಲಿಷ್ ವಿಮರ್ಶಕರು ‘ವೇಲ್’, ಅಂದರೆ ಮುಸುಕು ಅನ್ನುತ್ತಾರೆ. ನನಗೆ ಮುಸುಕಿಗಿಂತ ಮಬ್ಬುಬೆಳಗಿನ ಹಾಗೆ ಅನ್ನಿಸಿತು.

ಬಿಗಿ ಯಾಕೆ ಮುಖ್ಯ? ಕೆಳಗಿನ ದನಿ ಮೇಲಿನ ದನಿಯನ್ನು ಮರೆಮಾಡುವಷ್ಟು ಮೇಲಿನದು ಕೆಳಗಿನದನ್ನು ಮರೆಮಾಡುವುದಿಲ್ಲ. ಜೋರಾಗಿ ಇಟ್ಟಷ್ಟೂ ಇದು ಹೆಚ್ಚು. ‘ಇ’ಕಾರ ‘ಎ’ಕಾರಗಳನ್ನು ಬೇರೆ ಮಾಡುವ ಮೊದಲ ಅನುರಣನ ಇಕಾರದಲ್ಲಿ ಸುಮಾರು 300 ಹರ್ಟ್ಜ್, ಎಕಾರದಲ್ಲಿ ಸುಮಾರು 500. ಬೇಸ್ ಉಬ್ಬಿ ಮೇಲಕ್ಕೆ ಹರಡಿದರೆ ಮೊದಲು ಮಸುಕಾಗುವುದು ಈ ಜಾಗವೇ. ಈಗ ಹೇಳಿ, ಜತ್ತದ ಅಜ್ಜಿ ‘ಮನಿ’ ಅಂದರೋ ‘ಮನೆ’ ಅಂದರೋ? ಅವರ ಕನ್ನಡದ ಗುರುತೇ ಆ ಕೊನೆಯ ಸ್ವರದಲ್ಲಿದೆ. ಅಲ್ಲಿ ಅನುಮಾನ ಬಂದರೆ ನಮ್ಮ ಪೆನ್ನು ಪುಸ್ತಕದ ಕನ್ನಡದ ಕಡೆಗೇ ವಾಲುತ್ತದೆ. ಗಡಿಯ ಮಾತು ಅಳಿಸುವುದು ಇಂಥ ಸಣ್ಣ ಜಾಗಗಳಲ್ಲಿ.

ಇಷ್ಟು ಹೇಳಿ ಓಪನ್-ಬ್ಯಾಕೇ ಸರಿ ಅಂತ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಬೀಸುವ ಪದದ ಮುದ್ರಣದಲ್ಲಿ ಕಲ್ಲಿನ ಸದ್ದಿಗೆ ಎರಡು ಪದರ: ಮೇಲೆ ಗರಗರ, ತಳದಲ್ಲಿ ಗುಡುಗುಡು. ಎಚ್‌ಡಿ 600 ಆ ಗುಡುಗುಡುವನ್ನು ತಗ್ಗಿಸಿ ಮಾತನ್ನು ಬಿಡಿಸಿಕೊಡುತ್ತದೆ. ಪದ ಬರೆದುಕೊಳ್ಳುವವರಿಗೆ ಅನುಕೂಲ. ಆದರೆ ಗುಡುಗುಡು ಗದ್ದಲವೇ? ಹಾಡುವವರು ಎಲ್ಲಿ ಎಳೆದರು, ಎಲ್ಲಿ ಉಸಿರು ತೆಗೆದುಕೊಂಡರು ಅನ್ನುವುದಕ್ಕೆ ಕಲ್ಲಿನ ಸುತ್ತು ಸಾಕ್ಷಿ. ತ್ರಿಪದಿಯನ್ನು ಕಲ್ಲಿನಿಂದ ಬಿಡಿಸಿ ಅಚ್ಚುಮಾಡುವ ಕೆಲಸ ನಮ್ಮ ಸಂಪಾದಕರು ಬಹಳ ಹಿಂದಿನಿಂದ ಮಾಡಿಕೊಂಡು ಬಂದಿದ್ದಾರೆ. ತೂಕವಿಲ್ಲದ ಹೆಡ್‌ಫೋನು ಅದೇ ಸಂಪಾದನೆಯನ್ನು ಕಿವಿಯಲ್ಲೇ ಮಾಡಿ ಮುಗಿಸುತ್ತದೆ. ಹಾಗೆಯೇ ಹಳೇ ಕ್ಯಾಸೆಟ್ಟುಗಳಲ್ಲಿರುವ 50 ಹರ್ಟ್ಜ್ ಕರೆಂಟಿನ ಹಮ್ಮು ಇದರಲ್ಲಿ ಸಣ್ಣದಾಗಿ ಕೇಳಿಸಿ, ಡಿಜಿಟಲ್ ಪ್ರತಿಯಲ್ಲಿ ಗಮನಕ್ಕೆ ಬಾರದೆ ಉಳಿದುಬಿಡಬಹುದು.

ಆದ್ದರಿಂದ ನನ್ನ ಸಲಹೆ ಎರಡು ಕೇಳುವಿಕೆ. ಮಾತಿಗಾಗಿ ಒಮ್ಮೆ, ಬಿಗಿ ಇರುವ ಓಪನ್-ಬ್ಯಾಕಿನಲ್ಲಿ. ಲಯಕ್ಕಾಗಿ, ತಳದ ಸದ್ದಿಗಾಗಿ ಇನ್ನೊಮ್ಮೆ, ಆಳ ಇರುವುದರಲ್ಲಿ. ಪ್ಲೇನಾರ್ ದುಬಾರಿ. ಮುಚ್ಚುಬಟ್ಟಲಿನ ಸಾಧಾರಣ ಸ್ಟುಡಿಯೋ ಹೆಡ್‌ಫೋನಾದರೂ ನಡೆಯುತ್ತದೆ. ಯಾವುದರಲ್ಲಿ ಕೇಳಿ ಬರೆದದ್ದು ಅನ್ನುವುದನ್ನು ಪಠ್ಯದ ಜೊತೆ ಒಂದು ಸಾಲಿನಲ್ಲಿ ದಾಖಲಿಸೋಣ.

ಚರ್ಚೆಯಲ್ಲಿ ಬಂದ ಪ್ರಶ್ನೆ: ಈಕ್ವಲೈಸರಿನಲ್ಲಿ ಬೇಸ್ ಏರಿಸಿಕೊಂಡರೆ ಒಂದೇ ಹೆಡ್‌ಫೋನು ಸಾಲದೇ?

ಉತ್ತರ: ಸ್ವಲ್ಪ ಮಟ್ಟಿಗೆ ಸಾಕು ಸರ್. ಆದರೆ ಎಚ್‌ಡಿ 600ನಂಥದ್ದರಲ್ಲಿ 30, 40 ಹರ್ಟ್ಜ್‌ನಲ್ಲಿ ತುಂಬಾ ಏರಿಸಿದರೆ ಚಿಕ್ಕ ಪೊರೆ ಬಹಳ ದೂರ ಅಲುಗಬೇಕಾಗುತ್ತದೆ, ದನಿ ಒಡೆಯುತ್ತದೆ. ತೂಕ ಬರುತ್ತೆ, ಬಿಗಿ ಹೋಗುತ್ತೆ. ಫೋನಿನಲ್ಲಿ ಮುದ್ರಿಸಿದ್ದಾದರೆ ತಳದ ದನಿ ಮುದ್ರಣದಲ್ಲೇ ಕಡಿತವಾಗಿರಬಹುದು. ಇಲ್ಲದ್ದನ್ನು ಯಾವ ಈಕ್ವಲೈಸರೂ ತರಲಾರದು. ಹಾಗಾಗಿ ಮುಂದಿನ ಕ್ಷೇತ್ರಕಾರ್ಯಕ್ಕೆ ಹೋಗುವವರು ಒಳ್ಳೆಯ ರೆಕಾರ್ಡರನ್ನು ಬೀಸುವ ಕಲ್ಲಿನ ಹತ್ತಿರವೇ ಇಡಲಿ.