ಬಟ್ಟೆ ಕೊಟ್ಟು ಕೊಂಡವರು

ಸೂರತ್ತಿನ ಅಡಾಜಣ್‌ನ ನಮ್ಮ ಮನೆಯಿಂದ ತಾಪಿ ನದಿ ದಾಟಿದರೆ ರಿಂಗ್ ರೋಡಿನ ಜವಳಿ ಮಾರುಕಟ್ಟೆ. ಅಂಗಡಿಯವರು ಬಟ್ಟೆಯ ತಾಕಾ ಬಿಚ್ಚಿ, ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ ದರ ಹೇಳುತ್ತಾರೆ. ಪೆಡ್ರೊ ಮಚಾಡೊ ಅವರ ‘ಓಷನ್ ಆಫ್ ಟ್ರೇಡ್’ (2014) ಓದಿದ ಮೇಲೆ ಆ ಹೆಬ್ಬೆರಳು ಕಂಡಾಗಲೆಲ್ಲ ನನಗೆ ಮೊಜಾಂಬಿಕ್ ನೆನಪಾಗುತ್ತದೆ.

1750ರಿಂದ 1850ರವರೆಗಿನ ನೂರು ವರ್ಷ ಈ ಪುಸ್ತಕದ ಹರವು. ದಿಯು, ದಮನ್‌ಗಳ ವಾಣಿಯಾ ವರ್ತಕರು ಗುಜರಾತಿನ ಹತ್ತಿಬಟ್ಟೆಯನ್ನು ಮೊಜಾಂಬಿಕ್‌ಗೆ ಒಯ್ದರು. ಅಲ್ಲಿಂದ ಆನೆದಂತ ಬಂತು, ಬೆಳ್ಳಿ ಬಂತು, ಮನುಷ್ಯರೂ ಬಂದರು. ಬಟ್ಟೆಯ ಬಗೆಗಿನ ಪುಟಗಳೇ ಇದರ ಜೀವಾಳ. ಒಳನಾಡಿನ ಆಫ್ರಿಕನ್ ಗಿರಾಕಿ ಕಣ್ಣಿಗೆ ಹಿಡಿಸಿದ್ದನ್ನು ಮಾತ್ರ ಕೊಳ್ಳುತ್ತಿದ್ದ. ಅವನ ಅಭಿರುಚಿ ಬದಲಾದರೆ ತಂದ ಮಾಲಿಗೆ ಬೆಲೆಯಿಲ್ಲ. ಆ ಸುದ್ದಿ ಸಮುದ್ರ ದಾಟಿ ಜಂಬೂಸರಿನ ಮಗ್ಗಗಳನ್ನು ಮುಟ್ಟಬೇಕು. ಮಣಿಸರ ತೋರಿಸಿ ಆಫ್ರಿಕದವರನ್ನು ಮರುಳು ಮಾಡಿದರು ಎಂದು ನಾವು ಚಿಕ್ಕಂದಿನಲ್ಲಿ ಕೇಳಿದ ಕಥೆ ಇಲ್ಲಿ ನಿಲ್ಲುವುದಿಲ್ಲ.

ವಾಣಿಯಾಗಳು ದಿಯು, ದಮನ್‌ಗೆ ತಂದ ಗುಲಾಮರ ಸಂಖ್ಯೆ ದೊಡ್ಡದಲ್ಲ. ಆದರೆ ಮಾರಿಷಸ್ ಕಡೆಯ ಫ್ರೆಂಚರಿಗೂ ಬ್ರೆಜಿಲಿನವರಿಗೂ ಮಾರಲು ಒಳನಾಡಿನಿಂದ ಜನರನ್ನು ತರಬೇಕೆಂದರೆ ಈ ಬಟ್ಟೆಯೇ ಬೇಕಿತ್ತು. ಇಡೀ ಗುಲಾಮ ವ್ಯಾಪಾರದಲ್ಲಿ ಅಟ್ಲಾಂಟಿಕ್ ದಾಟಿಸಲು ಹಡಗೇರಿಸಿದ್ದು ಸುಮಾರು 1.25 ಕೋಟಿ ಜನರನ್ನು. ಜೀವಂತ ಇಳಿದವರು ಸುಮಾರು 1.07 ಕೋಟಿ. ಈ ಲೆಕ್ಕ ಓದುವಾಗ ಅದು ಬಿಳಿಯರ ಪಾಪ ಎಂದು ನಾವು ದೂರ ಕೂತಿರುತ್ತೇವೆ. ಅದರಲ್ಲೊಂದು ಪಾಲಿನ ನೂಲು ಇಲ್ಲಿಂದಲೇ ಹೋಯಿತೆಂದು ತೋರಿಸಿದ್ದಕ್ಕಾಗಿ ಮಚಾಡೊ ಅವರಿಗೆ ನಾನು ಋಣಿ.

ಆದರೂ ಪುಸ್ತಕ ಮುಚ್ಚಿದಾಗ ಮನಸ್ಸು ಭಾರವಾಗುತ್ತದೆ. ವರ್ತಕನ ಸಾಲ, ನಷ್ಟ, ನೆಂಟಸ್ತಿಕೆ, ಅಧಿಕಾರಿಗಳೊಡನೆ ಜಗಳ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಮಾರಾಟವಾದವರು ಸರಕಿನ ಸಾಲಿನಲ್ಲೇ ಉಳಿಯುತ್ತಾರೆ. ದಾಖಲೆ ಬರೆದವರು ವರ್ತಕರು, ಅಧಿಕಾರಿಗಳು. ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಗುಲಾಮರಿಗೆಂದು ಮೀಸಲಿಟ್ಟ ಪುಟಗಳಲ್ಲಾದರೂ ಲೇಖಕರು ದಾಖಲೆಯ ಭಾಷೆಯಿಂದ ಎರಡು ಹೆಜ್ಜೆ ಹೊರಗೆ ಬರಬೇಕಿತ್ತು.

ನನ್ನೂರು ಯಲ್ಲಾಪುರ. ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕನ್ನರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದರು. ಅವರ ವಂಶದವರೇ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅಮ್ಮ ಹಳೆಯ ಸೀರೆ ಕೂಡಿಟ್ಟು ಒಬ್ಬ ಸಿದ್ದಿ ಅಕ್ಕನಿಗೆ ಕೊಡುತ್ತಿದ್ದಳು. ಆಕೆ ಅಂಚಿನಿಂದ ಶುರುಮಾಡಿ, ಸುತ್ತು ಸುತ್ತಾಗಿ ನಡುವಿನವರೆಗೆ ಕೌದಿ ಹೊಲಿಯುತ್ತಿದ್ದಳು. ಮೂಲೆಗಳಲ್ಲಿ ಬಟ್ಟೆ ಮಡಿಸಿ ತ್ರಿಕೋನದ ಹೂವು ಕೂರಿಸದೆ ಕೆಲಸ ಮುಗಿಯಿತೆನ್ನುತ್ತಿರಲಿಲ್ಲ. ಆ ಕೌದಿ ಈಗ ಅಡಾಜಣ್‌ನಲ್ಲಿ ನನ್ನ ಮಂಚದ ಮೇಲಿದೆ. ಒಂದು ಮೂಲೆಯ ಹೂವು ಸವೆದು, ಒಳಗಿನ ಹಳೆಯ ಸೀರೆಯ ಹಸಿರು ಕಾಣುತ್ತಿದೆ.